ನೀರಿಗಿಳಿದ ಲಾಳಿ

ರಬಕವಿಯ ಬಸ್ ನಿಲ್ದಾಣದಲ್ಲಿ ಜಮಖಂಡಿಯ ಬಸ್ಸಿಗಾಗಿ ಕಾದು ನಿಂತಿದ್ದ ಶಾಲೆಯ ಶಿಕ್ಷಕಿ ಸುವರ್ಣಾ ಅವರನ್ನು ಕಂಡೊಡನೆ, ನೇಕಾರ ರಾಚಪ್ಪ ಕೈಮುಗಿದು ಹತ್ತಿರ ಬಂದ. ಬೆಂಚಿನ ಮೇಲೆ ಕುಳಿತವರಿಗೆಲ್ಲ ಅವರ ಮಾತು ಕೇಳಿಸುತ್ತಿತ್ತು.

“ಅಕ್ಕೋರ, ತಪ್ಪಾತ್ರಿ. ನಮ್ಮ ಮಗಳು ದಾನಮ್ಮ ಮಗ್ಗದ ಲಾಳಿ ಕದ್ದು ಸಾಲಿಗೆ ತಂದು ನೀರಾಗ ಆಟ ಆಡ್ಯಾಳ. ಆಕಿ ಬರೂತನಕ ಮಗ್ಗ ನಿಂತಿತ್ರಿ.”

“ಆಟ ಅಲ್ರಿ. ತೇಲೂದು ಮುಣುಗೂದು ಪಾಠ ಇತ್ತು. ಮನಿಯಿಂದ ಏನರ ತರ್ರಿ ಅಂತ ನಾನ ಹೇಳಿದ್ದೆ.”

“ನೀವ ಹೇಳಿದ್ರೇನ್ರಿ?”

“ಹೂಂ. ತುದಿಗೆ ಕಬ್ಬಿಣ ಐತಿ, ಮುಣುಗತೈತಿ ಅಂತ ಎಲ್ಲಾರೂ ನಕ್ಕರು. ಕಟಗಿ ಹೆಚ್ಚೈತಿ, ಅದರಷ್ಟ ಜಾಗಾದ ನೀರಿಗಿಂತ ಹಗುರ, ತೇಲತೈತಿ ಅಂದಾಕಿ ಆಕಿ ಒಬ್ಬಾಕಿನ. ತೇಲಿತ್ರಿ!”

ರಾಚಪ್ಪ ತಲೆ ತಗ್ಗಿಸಿದ.

“ನಾ ಹೊಡದಾಗ ‘ಅಕ್ಕೋರ ತರಾಕ ಹೇಳ್ಯಾರ’ ಅಂತ ಅಳಕೋತ ಹೇಳಿದಳ್ರಿ. ಸುಳ್ಳ ಹೇಳತಿ ಏನ ಅಂತ ಮತ್ತ ಬಾರಿಸಿದೆ. ನೀವ ಬಂದು ಅಪ್ಪಂದ ತಪ್ಪಾತು ಅಂತ ಆಕಿಗೆ ಒಂದ ಮಾತ ತಿಳಿಸಿ ಹೇಳ್ರಿ. ಆಕಿ ಮಾರಿ ನೋಡೂ ಧೈರ್ಯ ನನಗಿಲ್ರಿ.”

“ಎಲ್ಲಿ ಹೊಡದ್ರಿ?”

“ಓಣ್ಯಾಗ, ಎಲ್ಲಾರ ಮುಂದ.”

“ಹಂಗಾರ ಓಣ್ಯಾಗ, ಎಲ್ಲಾರ ಮುಂದ ನೀವ ಹೇಳ್ರಿ.”

ಬಸ್ಸು ಬಂದಿತು, ಶಿಕ್ಷಕಿ ಹತ್ತಿದರು. ರಾಚಪ್ಪ ಮಗ್ಗಗಳ ಸದ್ದು ಕೇಳಿಬರುತ್ತಿದ್ದ ಓಣಿಯತ್ತ ಹೊರಟ. ನಡಿಗೆ ಮಾತ್ರ ಬಹು ನಿಧಾನವಾಗಿತ್ತು.