ನೆಟ್ಟಗೆ ಕೂರುವ ಪಾಠ

ಮೂಳೆ ಡಾಕ್ಟರ ಕೋಣೆಯ ಹೊರಗೆ ಸರದಿಗಾಗಿ ಕಾಯುತ್ತಿದ್ದ ಟೈಪಿಸ್ಟ್ ಒಬ್ಬಳ ಕಿವಿಗೆ ಪಕ್ಕದ ಬೆಂಚಿನ ಅಕ್ಕ-ತಮ್ಮನ ಮಾತು ಬಿತ್ತು. ತಮ್ಮ ಸೊಂಟ ಹಿಡಿದು ಮುದುರಿ ಕೂತಿದ್ದ.

“ಅಂಥದ್ದೇನು ಎತ್ತೋಕೆ ಹೋಗಿದ್ಯೋ?”

“ಏನೂ ಎತ್ತಿಲ್ಲ ಅಕ್ಕಾ. ನೆಟ್ಟಗೆ ಕೂರೋದು ಹೇಗೆ ಅಂತ ಪುಸ್ತಕ ಬರೀತಿದ್ದೆ.”

“ಹೊಸ ಮೇಜು, ಕುರ್ಚಿ ತಂದಿದ್ಯಲ್ಲ?”

“ಮೇಜು ಮೊಣಕೈ ಮಟ್ಟಕ್ಕೆ, ಕಂಪ್ಯೂಟರ್ ಕಣ್ಣಿನ ಮಟ್ಟಕ್ಕೆ, ಎಲ್ಲಾ ಅಳತೆ ಹಿಡಿದು ಜೋಡಿಸ್ದೆ. ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ, ಕೂತು ಕೆಡಿಸೋಕೆ ಮನಸ್ಸು ಬರಲಿಲ್ಲ.”

“ಮತ್ತೆಲ್ಲಿ ಬರೆದೆ?”

“ಮಂಚದ ಮೇಲೆ ಬೋರಲು ಬಿದ್ಕೊಂಡು. ಮೂರು ತಿಂಗಳು.”

“ಡಾಕ್ಟರ ಹತ್ರ ನಿಜ ಹೇಳ್ಬಿಡು.”

“ಯಾವ ಮುಖ ಇಟ್ಕೊಂಡು ಹೇಳ್ಲಿ? ಹಿಂದಿನ ಗೋಡೆ ನೋಡು. ನನ್ನ ಪುಸ್ತಕದ ಪ್ರಚಾರಕ್ಕೆ ಅಂತ ಹಾಕಿರೋ, ನೆಟ್ಟಗೆ ಕೂತಿರೋ ಆ ದೊಡ್ಡ ಫೋಟೋ ನಂದೇ.”

ನರ್ಸ್ ಕರೆದಳು. ನಗು ತಡೆಯಲಾರದೆ ಅಕ್ಕ ಅವನ ರಟ್ಟೆ ಹಿಡಿದು ಎಬ್ಬಿಸಿದಳು. ತಮ್ಮ ಕರವಸ್ತ್ರದಿಂದ ಮುಖ ಮರೆಸಿಕೊಂಡು, ಬಾಗಿಕೊಂಡೇ ಒಳಗೆ ಹೋದ.