ನಿಮ್ಮಪ್ಪ ಬರಲ್ಲ ಅಂತಾರೆ

ಅಲ್ಲ ಮಾರಾಯ್ತಿ, ನಿಮ್ಮೂರಿಗೆ ಬಂದು ಇರಕ್ಕೆ ನಾನು ಒಲ್ಲೆ ಅಂದ್ನಾ? ನಾನು ಯಾವತ್ತೋ ತಯಾರು! ಸಾಗರ ಎಂತ ಏಳು ಸಮುದ್ರದ ಆಚೆ ಅದ್ಯಾ? ಈಗಂತೂ ಸೇತುವೆ ಆಗದೆ. ಬಸ್ಸು ಹತ್ತಿ ಒಂದು ತೂಕಡಿಕೆ ಮುಗಿಯೋದ್ರೊಳಗೆ ನಿಮ್ಮನೆ ಬಾಗ್ಲು. ಸೀರೆ ಎರಡು ಚೀಲಕ್ಕೆ ತುಂಬಿದ್ರೆ ಆಯ್ತು, ಹೊರಟೆ ನಾನು. ಆದ್ರೆ ನಿಮ್ಮಪ್ಪ... ನಿಮ್ಮಪ್ಪ ಬರಲ್ಲ ಅಂತಾರೆ ಪ್ರತಿಮಾ. ಹೆತ್ತ ಮಗಳು ನೀನು, ನೀನೇ ಹೇಳು, ನಾನು ಎಂತ ಮಾಡ್ಲಿ? ಹೊತ್ಕಂಡು ಬರ್ಲಾ ಅವ್ರನ್ನ?

ಎಂತಕ್ಕೆ ನಗಾಡ್ತೀಯಾ? ನಗು, ನಗು. ಹೊರೋ ಹಂಗಿದ್ರೆ ಹೊರ್ತಿದ್ದೆ. ಚಾ ಕುಡಿ ಮೊದ್ಲು, ಆರಿ ಹೋಗ್ತದೆ. ಸಕ್ರೆ ಜಾಸ್ತಿ ಆಯ್ತಾ? ಆಗಿರ್ತದೆ. ಹೋಟ್ಲಿನ ದೊಡ್ಡ ಪಾತ್ರೆಲಿ ಕುದ್ಸಿ ಕುದ್ಸಿ ಅಭ್ಯಾಸ ನನಗೆ. ಈಗ ಎರಡು ಲೋಟಕ್ಕೆ ಚಾ ಮಾಡಕ್ಕೆ ಹೋದ್ರೆ ಕೈ ಅಳತೆನೇ ಸಿಗಲ್ಲ. ಒಂದಿನ ಗಂಜಿ, ಒಂದಿನ ಪಾಯಸ.

ಆ ಕಡೆ ಎಂತ ನೋಡ್ತೀಯಾ? ಬೆಂಚಾ? ಕೊಟ್ಟೆ. ಅಂಗನವಾಡಿ ಟೀಚರಮ್ಮ ಕೇಳಿದ್ರು, ಮಕ್ಳಿಗೆ ಬೇಕಿತ್ತಂತೆ, ತಗಂಡ್ ಹೋಗಿ ಅಂದೆ. ಯಾರು ಕೂರ್ತಾರೆ ಇಲ್ಲಿ ಈಗ? ಲಾಂಚ್ ಇದ್ದಾಗ ಆದ್ರೆ... ನಿನಗೆ ಹೇಳ್ಬೇಕಾ, ನೀನೂ ತಟ್ಟೆ ಎತ್ತಿದವ್ಳೇ. ಸಿಗಂದೂರಿಗೆ ಹೋಗಿ ಬಂದ ಜನ, ಹೊಳೆ ದಾಟಕ್ಕೆ ಲಾಂಚಿಗೆ ಕಾಯ್ತಾ ಸಾಲಾಗಿ ನಿಲ್ಲೋರು. ಕಾರು, ಟಿಟಿ, ಬಸ್ಸು. ಮಕ್ಕಳು ಅಳೋವು, ಗಂಡಸರು ವಾಚು ನೋಡೋರು, ಹೆಂಗಸರು ನನ್ನ ಬನ್ಸಿಗೆ ಕೈ ಚಾಚೋರು. ಈಗ ಎಲ್ಲ ಆ ಸೇತುವೆ ಮೇಲಿಂದ್ಲೇ ಹೋಗ್ತಾವೆ. ಸುಂಯ್ ಅಂತ. ಕೆಳಗೆ ಒಂದು ಹೋಟ್ಲಿತ್ತು ಅಂತ ತಿರುಗಿ ನೋಡೋರೂ ಇಲ್ಲ.

ಅಯ್ಯೋ, ಸೇತುವೆ ಆದದ್ದು ಒಳ್ಳೇದೇ ಕಣೆ! ಬೇಡ ಅಂತ ಯಾರಂದ್ರು? ನಾನೇ ಧರಣಿಗೆ ಹೋಗಿ ಕೂತವ್ಳು, ಚಿತ್ರಾನ್ನ ಬೇರೆ ಮಾಡಿ ಹಂಚಿದವ್ಳು. ನಿನ್ನ ಹೆರೋವಾಗ ಲಾಂಚ್ ಆ ದಡದಲ್ಲಿತ್ತು, ನಾನು ಈ ದಡದಲ್ಲಿದ್ದೆ. ಆ ಸಂಕಟ ನನಗೆ ಗೊತ್ತಿಲ್ವಾ? ಇನ್ಯಾವ ಹೆಣ್ಣಿಗೂ ಅದು ಬೇಡ. ಸೇತುವೆ ಬರ್ಲಿ ಅಂದೆ, ಬಂತು. ನನ್ನ ಹೋಟ್ಲು ಹೋಗ್ತದೆ ಅಂತ ಗೊತ್ತಿರ್ಲಿಲ್ಲ ಅಂತಲ್ಲ. ಗೊತ್ತಿತ್ತು. ಆದ್ರೂ ಅಷ್ಟು ಬೇಗ ಹೋಗ್ತದೆ ಅಂತ ಗೊತ್ತಿರ್ಲಿಲ್ಲ. ಉದ್ಘಾಟನೆ ಆದ ಮಾರನೇ ದಿನವೇ ನಾನು ಮಾಡಿದ ಬನ್ಸೆಲ್ಲ ನಾವೇ ತಿಂದ್ವಿ.

ನಿಮ್ಮಪ್ಪ ಕೆಳಗೆ ಹೋಗಿದಾರೆ, ನೀರಿನ ಹತ್ರ. ಬರ್ತಾರೆ ಇನ್ನೇನು. ಅಲ್ಲೇ ಕೂತಿರ್ತಾರೆ, ಲಾಂಚ್ ನಿಲ್ತಿದ್ದ ಖಾಲಿ ಕಡವು ನೋಡ್ಕಂಡು. ಎಂತ ಅದೆ ನೋಡಕ್ಕೆ, ಬರೀ ನೀರು. ಆದ್ರೆ ಅವ್ರ ಜೀವ ಅದೇ ಅಲ್ದಾ? ಲಾಂಚಿಗೆ ಬಸ್ಸು ಹತ್ಸೋದು ಅಂದ್ರೆ ಹುಡುಗಾಟನಾ? ತೀರ್ಥಹಳ್ಳಿ ಕಡೆ ಡ್ರೈವರು, ಹೊಸನಗರದ ಡ್ರೈವರು, ಘಾಟಿಲಿ ಕಣ್ಣು ಮುಚ್ಕಂಡು ಬಸ್ಸು ಓಡ್ಸೋರು, ಇಲ್ಲಿ ನೀರು ನೋಡಿದ ಕೂಡ್ಲೆ ಬೆವರೋರು. ಆಗ ನಿಮ್ಮಪ್ಪ ಮುಂದೆ ನಿಂತು ಕೈ ಆಡ್ಸೋರು. ಬರ್ಲಿ... ಬರ್ಲಿ... ನನ್ನನ್ನ ನೋಡ್ರಿ, ನೀರು ನೋಡ್ಬೇಡಿ, ಬರ್ಲಿ... ನಾನು ಒಲೆ ಮುಂದೆ ಕೂತು ಆ ದನಿ ಕೇಳ್ತಿದ್ದೆ. ಇಡೀ ದಿನ. ಈಗ ಮನೆಲಿ ದನಿನೇ ಇಲ್ಲ.

ಅಂದ್ರೆ ಮಾತಾಡ್ತಾರೆ, ಮಾತಾಡಲ್ಲ ಅಂತಲ್ಲ. ಕಮ್ಮಿ ಅಂತ ಹೇಳ್ದೆ.

ಅಂತವ್ರು ಸಾಗರಕ್ಕೆ ಬಂದು ಎಂತ ಮಾಡ್ತಾರೆ ಹೇಳು? ನಿನ್ನ ಗಂಡ ಪಾಪ ಒಳ್ಳೇವ್ನು, ರಾಜೇಂದ್ರಂಗೆ ನಾನು ಒಂದು ಮಾತು ಅನ್ನಲ್ಲ. ಕಲ್ಯಾಣ ಮಂಟಪದಲ್ಲಿ ಪಾರ್ಕಿಂಗ್ ನೋಡ್ಕಳೋ ಕೆಲ್ಸ ಅದೆ ಮಾವ, ನೆರಳಲ್ಲಿ ನಿಲ್ಲೋದು ಅಷ್ಟೆ, ಅಂತ ಅವತ್ತು ಬಂದು ಹೇಳ್ದ. ನಿಮ್ಮಪ್ಪ ಎಂತ ಅಂದ್ರು ಗೊತ್ತಾ ಅವ್ನು ಹೋದ್ಮೇಲೆ? ನೀರಿನ ಮೇಲೆ ಬಸ್ಸು ಹತ್ಸಿದವ್ನು ನಾನು, ಮದ್ವೆಗೆ ಬಂದೋರ ಕಾರಿಗೆ ಸೀಟಿ ಊದ್ಲಾ ಅಂದ್ರು! ಸಾಯ್ತೀನೇ ವಿನಾ ಆ ಕೆಲ್ಸ ಮಾಡಲ್ಲ ಅಂದ್ರು.

ಎಂತಕ್ಕೆ ಹಂಗೆ ನೋಡ್ತೀಯಾ? ಅಂದ್ರು ಕಣೆ! ನನ್ನೆದ್ರಿಗೇ ಅಂದ್ರು. ನಾನು ಸುಳ್ಳು ಹೇಳ್ತೀನಾ?

ಹೋಗ್ಲಿ, ಆ ಬಾಡಿಗೆ ಮನೆ. ಸೊರಬ ರಸ್ತೆದು. ನೀನು ನಮಗೆ ಅಂತ ಇಷ್ಟಪಟ್ಟು ನೋಡಿದೀಯಾ, ಹೌದು. ಗೋಡೆ ಹೊಸತು, ನಲ್ಲಿ ಅದೆ, ಕರೆಂಟು ಹೋದ್ರೂ ದೀಪ ಉರೀತದೆ, ಎಲ್ಲ ಸರಿ. ಆದ್ರೆ ಅಡಿಗೆ ಮನೆ ಕಿಟಕಿ ತೆಗೆದ್ರೆ ಎಂತ ಕಾಣ್ತದೆ? ಪಕ್ಕದ ಮನೆ ಗೋಡೆ. ಇಬ್ರಿಗೆ ಅನ್ನ ಬೇಯ್ಸಿ, ಪಾತ್ರೆ ತೊಳ್ದು, ಮಧ್ಯಾಹ್ನದಿಂದ ಕತ್ಲಾಗೋವರೆಗೂ ಆ ಗೋಡೆ ನೋಡ್ಕಂಡು ಎಂತ ಮಾಡೋದು? ಹಾಲು ತರಕ್ಕೆ ಹೋದ್ರೆ ಅಂಗಡಿಯವ್ನು, ಯಾರಮ್ಮ ನೀವು, ಪ್ರತಿಮಾ ಅವ್ರ ತಾಯಿನಾ ಅಂತಾನೆ. ಅಷ್ಟೇ. ಪ್ರತಿಮಾ ತಾಯಿ. ಇಲ್ಲಾದ್ರೆ ಶಿವಮೊಗ್ಗದಿಂದ ಈಚೆ ಯಾವ ಡ್ರೈವರನ್ನ ಬೇಕಾದ್ರೂ ಕೇಳು, ರಂಗಕ್ಕನ ಹೋಟ್ಲು ಗೊತ್ತಿಲ್ದೋರು ಯಾರಿದಾರೆ? ಕೂತಲ್ಲಿಂದ್ಲೇ ಕೂಗೋರು, ರಂಗಕ್ಕಾ, ಒಂದು ಅರ್ಧ ಚಾ! ಅದನ್ನೆಲ್ಲ ಬಿಟ್ಟು...

...ಅಂತ ನಿಮ್ಮಪ್ಪ ಅಂತಾರೆ.

ಮತ್ತೆ ನಗಾಡ್ತೀಯಾ? ಅಂದ್ರೆ ಅವ್ರನ್ನ ವಾಸಣ್ಣ ಅಂತ ಕರೀತಾರೆ ಅಂತ ಅವ್ರು ಹೇಳಿದ್ದು. ನಾನು ನಂದು ಸೇರ್ಸಿ ಹೇಳ್ದೆ. ಅಡಿಗೆ ಮನೆ ಕಿಟಕಿ ಚಿಂತೆ ಅವ್ರಿಗೆ ಎಂತಕ್ಕೆ ಅಂತ ಕೇಳ್ತೀಯಾ? ಅದೆಲ್ಲ ನನಗೆ ಗೊತ್ತಿಲ್ಲ ಮಾರಾಯ್ತಿ. ಗಂಡಸ್ರಿಗೂ ಕಿಟಕಿ ಬೇಕಾಗ್ತದೆ. ನೀನು ಲಾಯರ್ ಹಂಗೆ ಕೇಳ್ಬೇಡ.

ಅಲ್ಲ, ನೀನು ಕೇಳ್ಲೂ ಇಲ್ಲ. ನಾನೇ ಒದರ್ತಾ ಇದೀನಿ.

ಚಕ್ಲಿ ತಿನ್ನು. ಬೇಡ್ವಾ? ಮೊನ್ನೆ ಮಾಡಿದ್ದು, ಮೆತ್ತಗಾಗಿಲ್ಲ. ಸರಿ, ಬಿಡು. ನಿಮ್ಮಪ್ಪ ಬಂದ್ಮೇಲೆ ನೀನೇ ಕೇಳು ಅವ್ರನ್ನ. ಅಪ್ಪಾ, ಬಾ, ಸಾಗರದಲ್ಲಿ ಇರಣ ಅನ್ನು. ನಿನ್ನ ಮಾತು ಕೇಳಿದ್ರೂ ಕೇಳ್ಬಹುದು. ನನ್ನ ಮಾತು ಕೇಳಲ್ಲ. ಅವ್ರು ಹೂಂ ಅಂದ ಗಳಿಗೆಗೆ ನಾನು ಒಲೆ ಆರ್ಸಿ ಬಾಗ್ಲಿಗೆ ಚಿಲ್ಕ ಹಾಕ್ತೀನಿ, ಆಣೆ. ಬರ್ತಾರೆ ಈಗ. ಊಟದ ಹೊತ್ತಾಯ್ತಲ್ಲ. ಹಸಿವು ತಡ್ಕಳೋ ಜೀವ ಅಲ್ಲ ಅದು.

ಪ್ರತಿಮಾ... ನೀನು ಬಾಗ್ಲ ಕಡೆ ನೋಡ್ತಾನೇ ಇಲ್ಲ.

ನಾನು ಆಗಿಂದ ಬರ್ತಾರೆ, ಬರ್ತಾರೆ ಅಂತಿದೀನಿ. ಯಾರಾದ್ರೂ ಬರ್ತಾರೆ ಅಂದ್ರೆ ಮನುಷ್ಯ ಒಂದು ಸಲ ಆದ್ರೂ ಬಾಗ್ಲು ನೋಡಲ್ವಾ? ನೀನು ಚಪ್ಪಲಿ ಬಿಡೋ ಮೊದ್ಲೇ ಅಪ್ಪ ಎಲ್ಲಿ ಅನ್ನೋ ಹುಡ್ಗಿ. ಚಿಕ್ಕವ್ಳಿದ್ದಾಗ್ಲೂ ಹಂಗೆ, ಮದ್ವೆ ಆದ್ಮೇಲೂ ಹಂಗೆ. ಅಮ್ಮ ಇದಾಳಾ ಸತ್ಲಾ ಅಂತ ಆಮೇಲೆ. ಇವತ್ತು ಬಂದು ಇಷ್ಟು ಹೊತ್ತಾಯ್ತು. ಕೇಳ್ಲೇ ಇಲ್ಲ ನೀನು.

...ನಿಮ್ಮಪ್ಪ ನಿಮ್ಮನೇಲಿ ಇದಾರಾ?

ಹೌದಾ.

ಹೂಂ. ...ಹೌದಾ.

ನಾನು ಆನಂದಪುರದಲ್ಲಿ ನಿನ್ನ ದೊಡ್ಡಪ್ಪನ ಮನೇಲಿ ಇರ್ಬಹುದು ಅಂತ ಮಾಡಿದ್ದೆ. ಫೋನು ಮಾಡ್ಲಿಲ್ಲ. ಅವ್ರೂ ಮಾಡ್ಲಿಲ್ಲ. ಹಂಗಾದ್ರೆ ಮಂಟಪಕ್ಕೂ ಹೋಗ್ತಾರಾ, ಕೆಲ್ಸಕ್ಕೆ? ಹೋಗ್ತಾರಾ! ಸೀಟಿ ಕೊಟ್ಟಿದಾರಾ? ಅದಕ್ಕಾ ನೀನು ಆಗ ಹಂಗೆ ನೋಡಿದ್ದು, ನಾನು ಕಥೆ ಕಟ್ತಿದ್ದಾಗ. ಸಾಯ್ತೀನೇ ವಿನಾ ಮಾಡಲ್ಲ ಅಂತ ಅವ್ರು ಅನ್ನಲಿಲ್ಲ ಕಣೆ. ನಾನೇ ಅಂದೆ. ನಾಚ್ಕೆ ಆಗಲ್ವಾ ನಿಮಗೆ ಅಂತ ನಾನೇ ಅಂದೆ ಅವ್ರಿಗೆ. ಅವ್ರು, ಎಂತಕ್ಕೆ ನಾಚ್ಕೆ, ಕೆಲ್ಸ ಅಲ್ದಾ ಅಂದ್ರು. ಅಷ್ಟೇ ಅಂದದ್ದು.

ಅಳ್ಬೇಡ. ನೀನು ಎಂತಕ್ಕೆ ಅಳ್ತೀಯಾ, ನಾನೇ ಅಳ್ತಿಲ್ಲ. ನನಗೆ ಅಳು ಬರ್ತಾನೇ ಇಲ್ಲ ಮಗಾ, ಅದೇ ವಿಚಿತ್ರ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತ್ರೆ ಕಾಲು ಜೋಮು ಹಿಡೀತದಲ್ಲ, ಹಂಗೆ ಅದೆ ಮೈಯೆಲ್ಲ. ಏಳ್ತೀನಿ, ಒಲೆ ಹಚ್ತೀನಿ, ಅನ್ನ ಮಾಡ್ತೀನಿ. ಇಬ್ರಿಗೂ ಮಾಡ್ತೀನಿ. ಉಳಿದದ್ದು ನಾಯಿಗೆ ಹಾಕ್ತೀನಿ. ದುಃಖ ಅಂತಲ್ಲ. ಎಂತದೂ ಇಲ್ಲ. ಎಂತದೂ ಇಲ್ದೇ ಇರೋದೇ ಅದೆ.

ನಡ್ಕಂಡೇ ಹೋದ್ರು ಅವ್ರು, ಗೊತ್ತಾ? ಬಸ್ಸಿಗೆ ಕಾಯ್ಲಿಲ್ಲ. ಚೀಲ ಹೆಗಲಿಗೆ ಹಾಕಿ, ಆ ಸೇತುವೆ ಮೇಲೆ. ಲಾಂಚಲ್ಲಿ ಯಾರಾದ್ರೂ ಹೋದ್ರೆ ಅದು ಬೇರೆ. ಸದ್ದು, ಗಲಾಟೆ, ಜನ, ಯಾರು ಎಲ್ಲಿ ನಿಂತಿದಾರೆ ಅಂತನೇ ತಿಳಿಯಲ್ಲ, ಕೈ ಬೀಸೋದ್ರೊಳಗೆ ಮುಗ್ದು ಹೋಗ್ತದೆ. ಸೇತುವೆ ಮೇಲೆ ಒಬ್ಬ ಮನುಷ್ಯ ನಡ್ಕಂಡು ಹೋದ್ರೆ... ಮುಗಿಯೋದೇ ಇಲ್ಲ ಕಣೆ. ಇಲ್ಲೇ ನಿಂತು ನೋಡ್ದೆ ನಾನು. ಹೋಗ್ತಾ ಇದಾರೆ, ಹೋಗ್ತಾ ಇದಾರೆ, ಇನ್ನೂ ಕಾಣ್ತಾರೆ. ಅವ್ರು ಈಗ ತಿರುಗ್ತಾರೆ, ಈಗ ನಿಲ್ತಾರೆ ಅಂತ. ಒಂದು ಕಡೆ ನಿಂತ್ರು. ಚೀಲ ಆ ಹೆಗಲಿಂದ ಈ ಹೆಗಲಿಗೆ ಹಾಕ್ಕಂಡ್ರು, ಮತ್ತೆ ನಡೆದ್ರು.

ಹೌದು, ಬರಲ್ಲ ಅಂದದ್ದು ನಾನು. ಅವ್ರಲ್ಲ. ಅವ್ರು ಹೊರಡೋ ಹಿಂದಿನ ದಿನ ಊಟ ಆದ್ಮೇಲೆ ಕೇಳಿದ್ರು. ಹೋಗಣ ರಂಗಿ, ಇಲ್ಲಿ ಇನ್ನು ಎಂತ ಅದೆ ಅಂದ್ರು. ನಾನು ಬರಲ್ಲ, ನೀವು ಬೇಕಾದ್ರೆ ಹೋಗಿ ಅಂದೆ. ಸರಿ ಅಂದ್ರು. ಸರಿ ಅಂದ್ರು ಪ್ರತಿಮಾ!

ಬರಲ್ಲ ಅಂದ್ರೆ ಬರಲ್ಲ ಅಂತ ಅರ್ಥನಾ? ನಮ್ಮಲ್ಲಿ ಯಾರು ಮೊದ್ಲನೇ ಸಲಕ್ಕೇ ಹೂಂ ಅಂತಾರೆ ಹೇಳು! ಊಟಕ್ಕೆ ಕೂತವ್ರು ಸಾಕು ಅಂತ ಎಲೆ ಮೇಲೆ ಕೈ ಅಡ್ಡ ಇಡ್ತಾರೆ, ನಾವು ಕೈ ಸಂದಿಲೇ ಇನ್ನೊಂದು ಸೌಟು ಬಡಿಸ್ತೀವಿ. ಸಾಕು ಅಂದ ಕೂಡ್ಲೆ ಪಾತ್ರೆ ಎತ್ಕಂಡು ಹೋದ್ರೆ ಆ ಮನೆಗೆ ಇನ್ನೊಂದಿನ ಯಾರಾದ್ರೂ ಉಣ್ಣಕ್ಕೆ ಬರ್ತಾರಾ? ನನ್ನ ಕೇಳಕ್ಕೆ ಬಂದಾಗ್ಲೂ ನನ್ನಪ್ಪ ಬೇಡ ಅಂದಿದ್ರು, ಇವ್ರ ಕಡೆಯವ್ರು ಮತ್ತೆ ಬಂದ್ರು, ಮತ್ತೆ ಬಂದ್ರು, ಆಮೇಲೆ ಕೊಟ್ಟದ್ದು. ಇನ್ನೊಂದು ಸಲ ಬಾ ಅಂದಿದ್ರೆ ಬೈಕಂಡು ಬೈಕಂಡೇ ಹೊರಡ್ತಿದ್ದೆ. ಗೋಡೆ ನೋಡ್ಕಂಡು ಇರ್ತಿದ್ದೆ. ಹಾಲಿನ ಅಂಗಡಿಲಿ ಪ್ರತಿಮಾ ತಾಯಿ ಅಂತಿದ್ರೂ ಹೂಂ ಅಂತಿದ್ದೆ. ನಾನು ಹೋಗ್ದೇ ಇರೋಳಲ್ಲ. ಕರೀಲಿ ಅಂತ ಇದ್ದೆ, ಅಷ್ಟೇ.

ಅವ್ರು ಎಂತ ಹೇಳಿದ್ರು ನಿನ್ನ ಹತ್ರ? ಅವ್ಳು ಬರಲ್ಲ ಅಂದ್ಲು ಅಂದ್ರಾ? ಹಂಗೇ ಹೇಳಿರ್ತಾರೆ. ಗಂಡಸ್ರಿಗೆ ಇದೆಲ್ಲ ತಿಳಿಯಲ್ಲ. ನಿಜಾನೇ ಅಂತ ತಿಳ್ಕಂಡು ಬೇಜಾರಾಗಿ ಹೋಗಿದಾರೆ, ಪಾಪ. ಅದಕ್ಕೇ ನಿನ್ನ ಕಳ್ಸಿದಾರೆ ಅಲ್ದಾ, ಅಮ್ಮನ್ನ ಕರ್ಕಂಡು ಬಾ ಅಂತ? ಬಾಯಿಬಿಟ್ಟು ಹೇಳಕ್ಕೆ ಸಂಕೋಚ ಅವ್ರಿಗೆ... ಅಲ್ದಾ?

ನೀನೇ ಬಂದ್ಯಾ? ಅವ್ರಿಗೆ ಹೇಳ್ದೇನೇ?

ಆಯ್ತು. ಇರ್ಲಿ. ಅರ್ಥ ಆಗ್ಲಿಲ್ಲ ಅವ್ರಿಗೆ. ನೀನು ಹೋಗಿ ಹೇಳು. ಅಮ್ಮ ಹಂಗೆ ಅಂದದ್ದು ಸುಮ್ನೆ, ಇನ್ನೊಂದು ಮಾತು ಕರೀಲಿ ಅಂತ ಕಾಯ್ತಿದ್ಲು ಅಂತ ಹೇಳು. ಗೊತ್ತಾದ್ರೆ ಅವ್ರೇ ಬರ್ತಾರೆ ನೋಡು, ಇವತ್ತೇ ಬರ್ತಾರೆ.

ಎಂತಕ್ಕೆ ನೆಲ ನೋಡ್ತೀಯಾ?

ಹೇಳ್ತೀನಿ ಅನ್ನು. ಪ್ರತಿಮಾ... ಹೇಳ್ತೀನಿ ಅನ್ನು, ಅಷ್ಟೇ ಸಾಕು.

...ಹೇಳಿದೀಯಾ? ಅಮ್ಮ ಕಾಯ್ತಾಳೆ ಅಂತ ಆಗ್ಲೇ ಹೇಳಿದೀಯಾ ನೀನು?

ಹೂಂ.

ಅಲ್ಲ... ನೀನು ಹೇಳೋದು ಎಂತಕ್ಕೆ? ನನ್ನ ಕೈ ಅನ್ನ ಉಂಡು ತಲೆ ಹಣ್ಣಾದ ಮನುಷ್ಯ. ನಾನು ಸಾಕು ಅಂದ್ರೆ ಎಷ್ಟು, ಬೇಡ ಅಂದ್ರೆ ಎಂತ, ಅವ್ರಿಗೆ ಗೊತ್ತಿಲ್ವಾ? ನೀರು ನೋಡ್ಬೇಡಿ ನನ್ನ ನೋಡಿ ಅಂತ ಕಂಡ ಕಂಡ ಡ್ರೈವರ ಮುಖ ನೋಡಿ ಭಯ ಅಳೆದವ್ರು, ಹೆಂಡ್ತಿ ಮುಖ ನೋಡಿದ್ರೆ ಗೊತ್ತಾಗಲ್ವಾ? ಗೊತ್ತಿತ್ತು ಅವ್ರಿಗೆ. ಕಾಯ್ತಾಳೆ ಅಂತ ಗೊತ್ತಿತ್ತು. ಗೊತ್ತಿದ್ದೇ ಸರಿ ಅಂದ್ರು.

ಎಂತ ಅಂದ್ರು ಅವ್ರು, ನೀನು ಹೇಳಿದ್ದಕ್ಕೆ?

...ಬೇಡ. ಹೇಳ್ಬೇಡ.