ಸರ್ಟಿಫಿಕೇಟ್ ಉಸ್ತಾದ್

…ಅಲ್ಲಾಡಬೇಡ್ವೋ! ಅಲ್ಲಾಡಿದ್ರೆ ಮೂಳೆ ಕೂಡಲ್ಲ. ಉದ್ದಿನ ಹಿಟ್ಟಿಗೆ ಮೊಟ್ಟೆ ಕಲಸಿ ಬಳಿದಿದೀನಿ, ಬಿದಿರ ದಬ್ಬೆ ಕಟ್ಟೋವರ್ಗೂ ಹಲ್ಲು ಕಚ್ಕೊಂಡಿರು. ಕೂಗು, ಬೇಕಾದ್ರೆ ಕೂಗು! ಯಾಕೋ ಚನ್ನರಾಯಪ್ಪಾ, ಒಂದ್ಸಾರಿನಾದ್ರೂ ಅಮ್ಮಾ ಅನ್ನಬಾರ್ದಾ? ಮೊಣಕೈ ಹಿಂದುಮುಂದಾಗೈತೆ, ಬೇರೆಯೋನಾಗಿದ್ರೆ ಮುಳಬಾಗಿಲು ಪೇಟೆಗೆಲ್ಲಾ ಕೇಳೋ ಹಂಗೆ ಅರಚ್ತಿದ್ದ.

ನಿಮ್ಮಮ್ಮಂಗೆ ಹೇಳಿಕಳಿಸಿದೀನಿ. ಬೈರಮ್ಮ ಬಂದು ಕೇಳ್ತಾಳೆ, ಏನಂತೀಯಾ? ಉಸ್ತಾದ್ರ ಜೊತೆ ಕುಸ್ತಿ ಜೋಡಿ ಹಿಡಿದಿದ್ದೆ, ಕಾಲು ಜಾರ್ತು, ಕೈ ಅಡಿಗೆ ಸಿಕ್ಕೊಂತು ಅನ್ನು. ಅಷ್ಟೇ. ಗರಡೀಲಿ ಕೈ ಮುರಿಯೋದೇನು ಹೊಸದಾ? …ಯಾಕೋ ನಗ್ತೀಯಾ? ಏಮ್ರಾ? ನಗೋಂಥದ್ದೇನೈತೆ ಇದ್ರಾಗೆ?

ಹೌದು, ಸೋಮವಾರ ಬೆಂಗಳೂರಲ್ಲಿ ನಿಂಗೆ ಪರೀಕ್ಷೆ. ಗೊತ್ತು ಕಣೋ. ಹಗ್ಗ ಹತ್ಬೇಕು, ಕಂಬಿ ಹಿಡಿದು ತೂಗಾಡ್ಬೇಕು. ಪಾಸಾದ್ರೆ ಟ್ರೈನಿಂಗು, ಆಮೇಲೆ ಸರ್ಟಿಫಿಕೇಟು, ಆಮೇಲೆ ಎಮರ್ಜೆನ್ಸಿ ಮುಗಿದ್ಮೇಲೆ ಕಟ್ಟಿಸಿದ್ರಲ್ಲ, ಆ ತಗಡಿನ ವ್ಯಾಯಾಮಶಾಲೆಗೆ ನೀನೇ ಮೇಷ್ಟ್ರು! ನಾನು ಕೆಲಸ ಕೇಳ್ಕೊಂಡು ಹೋದಾಗ ಆ ಕನ್ನಡಕದ ಸಾಹೇಬ ಏನಂದ? ಕೂತ್ಕೋ ಅನ್ಲಿಲ್ಲ. ‘ಆವಲಪ್ಪ, ಆರು ವಾರದ ಕೋರ್ಸ್ ಮಾಡಿದೀಯಾ? ವರ್ಷದ್ದು? ಪಟಿಯಾಲಾದ ಕೋಚಿಂಗ್ ಸ್ಕೂಲಿಂದು? ಯಾವ್ದೂ ಇಲ್ವಾ? ಹಂಗಾದ್ರೆ ಹುಡುಗರ ಮೈ ಮುಟ್ಟೋಂಗಿಲ್ಲ.’ ಮುಟ್ಟೋಂಗಿಲ್ಲ! ತಾಲ್ಲೂಕಿನ ಪೈಲ್ವಾನ್ರ ಬೆನ್ನೆಲ್ಲಾ ತೀಡಿದ ಕೈ ಇದು! ಅವನ ಕತ್ತು ಕಂಕುಳಲ್ಲಿ ಸಿಗಿಸಿ ಲಟಕ್ ಅನ್ನಿಸ್ಬೇಕಿತ್ತು. ಸ್ಕೂಲು ಮುಗಿಸಿದೋರಿಗೆ ಮಾತ್ರ ಕೋರ್ಸಂತೆ. ನಂದು ಹೆಬ್ಬೆಟ್ಟು.

ಏನು ಹಂಗೆ ನೋಡ್ತೀಯಾ? ಹೊಟ್ಟೆಕಿಚ್ಚಾ ನಂಗೆ? ಥೂ! ರಾಯಲ್ಪಾಡಿನ ಆ ಗೂಳಿಯಂಥೋನ ಪಕ್ಕೆ ಮುರಿದು ಮಣ್ಣು ಮುಕ್ಕಿಸಿದ್ಯಲ್ಲ, ಆ ಪಟ್ಟು ಯಾವ ಕೋರ್ಸಲ್ಲಿ ಕಲಿತೆ? ರಕ್ತ ಕಾರ್ತಿದ್ದ ಅವನು, ನಾನು ಕುಣೀತಿದ್ದೆ! ಗರಡಿ ನಿಂದೇ ಕಣೋ, ಇಲ್ಲೇ ಇರು ಅಂದೆ. ಕೇಳಿದ್ಯಾ? ನೀನು ಆ ಕಡೆ ಹೋದ್ರೆ ಹುಡುಗ್ರೆಲ್ಲಾ ನಿನ್ನ ಹಿಂದೇನೇ. ನಾನು ಇಲ್ಲಿ ನೊಣ ಹೊಡೀಬೇಕಾ? ಸಾಕಿದ ಗಿಣಿ ಹದ್ದಾಗಿ ಕುಕ್ಕಿದ್ರೆ ಮೈ ಉರಿಯಲ್ವೇನೋ?

…ಅಂಗಿ ಬಿಡು. ಬಿಡು ಅಂದ್ರೆ! ಕತ್ತರಿಸಿ ತೆಗೀತೀನಿ, ಲಂಗೋಟಿ ಕಟ್ತೀನಿ. ಇಸ್ತ್ರಿ ಅಂಗಿ ತೊಟ್ಕೊಂಡು ಯಾರೂ ಕುಸ್ತಿಗೆ ಇಳಿಯಲ್ಲ ಅಂತ ಕೂಸಿಗೂ ಗೊತ್ತು. ಹಿಡ್ಕೋಬೇಡ್ವೋ! ಆ ಕೈನೂ ಮುರಿದೇನು, ನೋಡ್ಕೋ! …ಇಲ್ಲ, ಇಲ್ಲ ಕಂದಾ. ಬಾಯಿ ಜಾರ್ತು. ಜಾರಿ ಬಿದ್ದೆ ಅಂತ ಒಂದು ಮಾತು ಹೇಳ್ಬಿಡು, ಸಾಕು. ಈ ಕೈಗೆ ಸರಪಳಿ ಬಿದ್ರೆ ಗರಡಿ ಬಾಗಿಲು ಯಾರು ತೆಗೀತಾರೋ?

ಅಗೋ, ಬಂದ್ಲು. ಬಾ ಬೈರಮ್ಮ, ಹೆದ್ರಬೇಡ. ಜೋಡಿ ಹಿಡಿದಿದ್ವಿ, ಜಾರಿದ. …ಅಂಗೀನಾ? ಚಳಿ ಅಂದ, ಆಮೇಲೆ ತೊಡಿಸ್ದೆ. ಮುರಿದ ಕೈಗೆ ಹೆಂಗೆ ತೊಡಿಸ್ದೆ ಅಂದ್ರೆ… ಅವನನ್ನೇ ಕೇಳಮ್ಮ! ಲೇ, ಹೇಳೋ. ಬಾಯಿ ಬಿಡೋ! …ಏನ್ಲಾ ಮಾಡ್ತೀಯಾ? ಯಾಕೋ ಮಂಡಿ ಊರಿ ಏಳ್ತೀಯಾ? ಎಡಗೈ ಯಾಕೋ ನನ್ನ ಕಾಲ ಹತ್ರ… ಬಗ್ಗಬೇಡ್ವೋ! ಅವಳ ಎದುರಿಗೆ ಹಂಗೆ ಬಗ್ಗಿ ತೋರಿಸಬೇಡ್ವೋ!

ಹಂಗೆ ನೋಡಬೇಡ ಬೈರಮ್ಮ. ಪರೀಕ್ಷೆಗೆ ಹೋಗ್ಬರ್ತೀನಿ, ಆಶೀರ್ವಾದ ಮಾಡಿ ಅಂತ ಕಾಲಿಗೆ ಬಗ್ಗಿದೋನ ಕೈ ತಿರುಚಿ, ಬೆನ್ನ ಮೇಲೆ ಮಂಡಿ ಹಾಕಿ… ಯಾವ ಉಸ್ತಾದಾದ್ರೂ ಮಾಡ್ತಾನಾ, ನೀನೇ ಹೇಳಮ್ಮ… ಚನ್ನಾ, ಕಾಲು ಬಿಡೋ. ನಿಮ್ಮಮ್ಮ ನೋಡ್ತಾವ್ಳೆ, ಕಾಲು ಬಿಡೋ.